ಮಲೆನಾಡಲ್ಲಿ ಮುಧೋಳ ನಾಯಿ ಸಾಕುವುದು: ಮರಿ ತರುವುದರಿಂದ ಮಳೆಗಾಲ ದಾಟಿಸುವವರೆಗೆ

ತೋಟ ಕಾಯಲೆಂದು ಮುಧೋಳ ನಾಯಿ ತರುವ ಯೋಚನೆಯಿದ್ದರೆ ಅದನ್ನು ಕೈಬಿಡಿ. ಬಂದವರ ಮೇಲೆ ಬೊಗಳಿ ಹಾಯುವ ನಾಯಿ ಬೇಕೆಂದರೆ ಊರಿನ ಕಂತ್ರಿ ಮರಿಯೊಂದು ಸಾಕು. ಖರ್ಚೂ ಕಡಿಮೆ, ಮಳೆಗೂ ಜಗ್ಗುವುದಿಲ್ಲ. ಮುಧೋಳ ಓಡಲಿಕ್ಕೆಂದೇ ರೂಪುಗೊಂಡ ತಳಿ. ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಿ ಹಿಡಿಯುವುದು ಅದರ ಕಸುಬು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯ ತೋಟದ ಮನೆಯಲ್ಲಿ ಅದನ್ನು ಸಾಕಬಾರದೆಂದೇನಿಲ್ಲ, ಚೆನ್ನಾಗಿಯೇ ಸಾಕಬಹುದು. ಆದರೆ ಇಲ್ಲಿನ ಜಡಿಮಳೆ, ಉಣುಗು, ಮುಳ್ಳುತಂತಿ, ಚಿರತೆ, ಆನೆ ಎಲ್ಲವೂ ಬಯಲಿನ ಆ ನಾಯಿಗೆ ಹೊಸವು. ಮುಧೋಳದ ಹೊಲಮನೆಯಲ್ಲಿ ಸಾಕುವ ಕ್ರಮವನ್ನೇ ಇಲ್ಲಿ ನಡೆಸಿದರೆ ನಾಯಿ ಉಳಿಯುವುದು ಕಷ್ಟ. ನಮ್ಮ ಕಡೆಗೆ ಹೊಂದುವ ಹಾಗೆ ಏನೇನು ಮಾಡಬೇಕೆಂಬುದನ್ನು, ಮಾಡಬೇಕಾದ ಅನುಕ್ರಮದಲ್ಲೇ, ಇಲ್ಲಿ ಬರೆದಿದ್ದೇನೆ.

ಮೊದಲು ತಳಿಯ ಗುಣ ತಿಳಿಯಿರಿ

ಮುಧೋಳ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ, ಘಟಪ್ರಭಾ ನದಿಯ ಸೀಮೆಯಲ್ಲಿ. ಬಯಲು ಹೊಲ, ಅಲ್ಲೊಂದು ಇಲ್ಲೊಂದು ಜಾಲಿ. ಮೊಲ ಎದ್ದರೆ ಬಲು ದೂರದಿಂದಲೇ ಕಾಣುತ್ತದೆ. ಆ ಬಯಲೇ ಈ ನಾಯಿಯನ್ನು ರೂಪಿಸಿದ್ದು: ಉದ್ದನೆಯ ಕಾಲು, ಆಳವಾದ ಎದೆ, ಒಳಸರಿದ ಹೊಟ್ಟೆ, ಕಿರಿದಾದ ಉದ್ದ ಮುಖ, ಕೊಬ್ಬಿಲ್ಲದ ಮೈ, ತೆಳು ಚರ್ಮ, ಗಿಡ್ಡ ಕೂದಲು. ಗಂಡು ಭುಜದವರೆಗೆ ಸುಮಾರು 68ರಿಂದ 72 ಸೆಂ.ಮೀ., ಹೆಣ್ಣು 64ರಿಂದ 68 ಸೆಂ.ಮೀ. ಇಷ್ಟು ಎತ್ತರದ ನಾಯಿಯಾದರೂ ತೂಕ 20ರಿಂದ 28 ಕೆ.ಜಿ. ಆಸುಪಾಸಿನಲ್ಲೇ ಇರುತ್ತದೆ. ಅಳಿವಿನಂಚಿಗೆ ಬಂದಿದ್ದ ತಳಿಯನ್ನು ಮತ್ತೆ ಬೆಳೆಸಿದ ಹೆಗ್ಗಳಿಕೆ ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಅವರದು. 20ನೇ ಶತಮಾನದ ಆರಂಭದಲ್ಲಿ ಅವರು ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಈ ನಾಯಿಗಳ ಜೋಡಿಯೊಂದನ್ನು ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಮುಧೋಳವೂ ಅದರಲ್ಲಿತ್ತು. ಸೇನೆಯವರು ಮೀರತ್‌ನ ತಮ್ಮ ಕೇಂದ್ರದಲ್ಲಿ ಇದನ್ನು ತರಬೇತಿಗೂ ತೆಗೆದುಕೊಂಡರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಹೆಸರೆತ್ತಿದ ಮೇಲಂತೂ ಕಾಫಿ ತೋಟದ ಗೌಡರೂ ವಿಚಾರಿಸತೊಡಗಿದರು.

ಸ್ವಭಾವದ ವಿಷಯಕ್ಕೆ ಬಂದರೆ, ಇದು ಎಲ್ಲರ ಕಾಲಿಗೂ ಸುತ್ತಿಕೊಳ್ಳುವ ನಾಯಿಯಲ್ಲ. ಮನೆಯವರಲ್ಲಿ ಒಬ್ಬಿಬ್ಬರನ್ನು ಬಹಳ ಹಚ್ಚಿಕೊಳ್ಳುತ್ತದೆ, ಉಳಿದವರ ಜೊತೆ ಸಭ್ಯವಾಗಿರುತ್ತದೆ. ಅಪರಿಚಿತರು ತಲೆ ಸವರಲು ಬಂದರೆ ಮೈ ಬಿಗಿಮಾಡಿ ಹಿಂದೆ ಸರಿಯುತ್ತದೆ. ಬೊಗಳುವುದು ಕಡಿಮೆ, ಅಟ್ಟಿಸಿಕೊಂಡು ಹೋಗುವಾಗ ಸದ್ದೇ ಮಾಡುವುದಿಲ್ಲ. ದಿನದ ಹೆಚ್ಚಿನ ಹೊತ್ತು ಮಲಗಿಯೇ ಕಳೆಯುತ್ತದೆ. ಗದರಿದರೆ ಮನಸ್ಸಿಗೆ ಹಚ್ಚಿಕೊಳ್ಳುವ ಜಾತಿ. ಕೋಲೆತ್ತಿದ ಕೈಯನ್ನು ಮರೆಯುವುದಿಲ್ಲ. ಅಲ್ಸೇಶಿಯನ್ ಸಾಕಿ ಅಭ್ಯಾಸವಾದವರು ಇದನ್ನು ‘ಮಂಕು’ ಅಂತ ಬೈಯುವುದು ಕೇಳಿದ್ದೇನೆ. ಹೇಳಿದ್ದು ಅದಕ್ಕೆ ಅರ್ಥವಾಗಿರುತ್ತದೆ, ಮಾಡಬೇಕೋ ಬೇಡವೋ ಎಂದು ಯೋಚಿಸುತ್ತಿರುತ್ತದೆ ಅಷ್ಟೇ.

ನಿಮ್ಮ ಜಾಗ ಎಂಥದ್ದು ನೋಡಿಕೊಳ್ಳಿ

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಮಲೆನಾಡೂ ಇದೆ, ಬಯಲೂ ಇದೆ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರಿಗೆ ಅರ್ಧ ಚಿಂತೆಯಿಲ್ಲ. ಒಣ ಹವೆ, ತೆಂಗಿನ ತೋಟ, ರಾಗಿ ಹೊಲ, ಕಣ್ಣಿಗೆ ದೂರ ಕಾಣುವ ನೆಲ. ಅಲ್ಲಿ ಮುಧೋಳ ಹೊಂದಿಕೊಳ್ಳುವುದು ಸುಲಭ. ಘಟ್ಟದ ಅಂಚಿಗೆ ಹೋದಂತೆ ಲೆಕ್ಕ ಬದಲಾಗುತ್ತದೆ. ಮುಧೋಳದ ಸುತ್ತ ಇಡೀ ವರ್ಷ ಬೀಳುವಷ್ಟು ಮಳೆ ಮೂಡಿಗೆರೆ ಕಡೆ ಜುಲೈ ಒಂದೇ ತಿಂಗಳಲ್ಲಿ ಬಿದ್ದುಬಿಡಬಹುದು.

ಮರಿ ಗೊತ್ತುಮಾಡುವ ಮೊದಲೇ ಮೂರು ಪ್ರಶ್ನೆಗಳಿಗೆ ಉತ್ತರ ಇರಲಿ. ರಾತ್ರಿ ನಾಯಿ ಮಲಗಲು ಬಾಗಿಲು ಹಾಕಬಹುದಾದ ಒಣ ಕೋಣೆ ಇದೆಯೇ? ಬಿಟ್ಟು ಓಡಿಸಲು, ಸುತ್ತ ಬೇಲಿ ಅಥವಾ ಗೋಡೆಯಿರುವ ಒಂದಿಷ್ಟು ಬಯಲು ಸಿಗುತ್ತದೆಯೇ? ನಾಯಿ ನೋಡಿ ಬಲ್ಲ ವೈದ್ಯರು ಎಷ್ಟು ದೂರದಲ್ಲಿದ್ದಾರೆ? ಮೊದಲ ಎರಡರಲ್ಲಿ ಒಂದಕ್ಕೆ ‘ಇಲ್ಲ’ ಎಂದಾದರೂ ಮರಿ ತರಬೇಡಿ. ಮೂರನೆಯದಕ್ಕೆ ಹಾಸನದವರು ಅದೃಷ್ಟವಂತರು, ಪಶುವೈದ್ಯಕೀಯ ಕಾಲೇಜು ಊರಲ್ಲೇ ಇದೆ. ಘಟ್ಟದ ತೋಟದವರಿಗೆ ಅದು ಗಂಟೆ ಮೀರಿದ ದಾರಿ. ತುರ್ತಿನಲ್ಲಿ ಯಾವ ಗಾಡಿಯಲ್ಲಿ, ಯಾರು ಕರೆದೊಯ್ಯುವುದು ಎಂಬುದು ಮೊದಲೇ ಮಾತಾಗಿರಲಿ.

ಮರಿ ಆರಿಸುವುದು

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅದನ್ನು ನಡೆಸುವುದು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಹಾಸನದ ಕಾಲೇಜೂ ಅದೇ ವಿಶ್ವವಿದ್ಯಾಲಯದ್ದು. ಮುಧೋಳ ತಾಲ್ಲೂಕಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ನಾಯಿ ಸಾಕುವ ಮನೆಗಳೂ ಇವೆ. ಎಲ್ಲಿಂದ ತಂದರೂ ಖುದ್ದಾಗಿ ಹೋಗಿ ತನ್ನಿ. ಬಸ್ಸಿನಲ್ಲಿ ಬುಟ್ಟಿಗೆ ಹಾಕಿ ಕಳಿಸುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ. ಹೋದಾಗ ನೋಡಬೇಕಾದದ್ದು ಮರಿಗಿಂತ ಮುಖ್ಯವಾಗಿ ತಾಯಿಯನ್ನು. ತಾಯಿ ನಿಮ್ಮನ್ನು ಕಂಡು ದೂರ ನಿಂತರೆ ಪರವಾಗಿಲ್ಲ, ಅದು ತಳಿಯ ಗುಣ. ಮೂಲೆ ಸೇರಿ ನಡುಗಿದರೆ, ಅಥವಾ ಮನೆಯವರಿಗೇ ಹಲ್ಲು ತೋರಿಸಿದರೆ ಆ ಮರಿಗಳು ಬೇಡ. ತಾಯಿತಂದೆ ಒಂದೇ ಹೊಟ್ಟೆಯವೇ ಎಂದು ಸಂಕೋಚವಿಲ್ಲದೆ ಕೇಳಿ. ಬೇಡಿಕೆ ಏರಿದ ಮೇಲೆ ಒಳಗೊಳಗೇ ಕೂಡಿಸುವುದು, ಗ್ರೇಹೌಂಡ್ ಜೊತೆ ಬೆರೆಸಿ ಮಾರುವುದು ಎರಡೂ ಉಂಟು.

ಕಾಗದಪತ್ರ ಕೇಳುವವರಿಗೆ ಒಂದು ಮಾತು. ಕೆನೆಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಈ ತಳಿ ‘ಕಾರವಾನ್ ಹೌಂಡ್’ ಎಂದಿರುತ್ತದೆ, ಇಂಡಿಯನ್ ನ್ಯಾಷನಲ್ ಕೆನೆಲ್ ಕ್ಲಬ್‌ನಲ್ಲಿ ‘ಮುಧೋಳ್ ಹೌಂಡ್’. ಹೆಸರು ಬೇರೆ ಎಂದು ಗಾಬರಿಯಾಗಬೇಡಿ. ಬಣ್ಣದ ಹಿಂದೆಯೂ ಬೀಳಬೇಡಿ. ಬಿಳಿ, ಕಂದು, ಕರಿ, ಮಚ್ಚೆಯದು ಎಲ್ಲವೂ ಇವೆ.

ಎಂಟು ವಾರ ತುಂಬುವ ಮೊದಲು ಮರಿ ತರಕೂಡದು. ತರುವ ತಿಂಗಳನ್ನೂ ಲೆಕ್ಕ ಹಾಕಿ. ಮಳೆಗಾಲ ಮುಗಿದು ಅಕ್ಟೋಬರ್, ನವೆಂಬರ್ ಹೊತ್ತಿಗೆ ತಂದರೆ ಮುಂದಿನ ಜೂನ್ ಬರುವಷ್ಟರಲ್ಲಿ ಮರಿಗೆ ಲಸಿಕೆಯೆಲ್ಲ ಮುಗಿದು ಮೈಯಲ್ಲಿ ಕಸುವು ಬಂದಿರುತ್ತದೆ. ಜೂನ್‌ನಲ್ಲಿ ತಂದ ಮರಿ ಮೂರು ತಿಂಗಳು ಮನೆಯೊಳಗೇ ಬಂದಿಯಾಗಿ, ಹೊರಗಿನ ಜಗತ್ತನ್ನೇ ನೋಡದೆ ಹೆದರುಪುಕ್ಕಲಾಗುವ ಅಪಾಯವಿದೆ.

ಮೊದಲ ಎರಡು ತಿಂಗಳು

ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ನಡೆಯುತ್ತದೆ. ಡಿಸ್ಟೆಂಪರ್, ಪಾರ್ವೊ ಜೊತೆಗೆ ಇಲಿಜ್ವರದ ಲಸಿಕೆ ಸೇರಿರುವುದನ್ನೇ ಹಾಕಿಸಿ. ಗದ್ದೆ, ಕೊಟ್ಟಿಗೆ, ಉಗ್ರಾಣ ಇರುವಲ್ಲಿ ಇಲಿ ಇದ್ದೇ ಇರುತ್ತದೆ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ಬರುವ ಈ ಜ್ವರ ನಾಯಿಯ ಲಿವರ್, ಕಿಡ್ನಿ ಎರಡನ್ನೂ ಕೆಡಿಸುತ್ತದೆ, ಮನುಷ್ಯರಿಗೂ ಬರುತ್ತದೆ. ಇದರ ಲಸಿಕೆಯನ್ನು ಪ್ರತಿ ವರ್ಷ, ಮಳೆಗಾಲಕ್ಕೆ ಮೊದಲು ಮೇ ತಿಂಗಳಲ್ಲಿ ಬರುವಂತೆ ಹೊಂದಿಸಿಕೊಳ್ಳಿ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷವರ್ಷ. ಜಂತುಹುಳದ ಔಷಧಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ.

ಲಸಿಕೆ ಮುಗಿಯುವವರೆಗೆ ಹೊರಗೆ ತೆಗೆಯಬಾರದು ಎನ್ನುತ್ತಾರಲ್ಲ, ನೆಲಕ್ಕೆ ಬಿಡಬೇಡಿ ಎಂದು ಅದರ ಅರ್ಥ. ಮರಿಯ ಮನಸ್ಸು ಹೊಸದನ್ನು ಹೆದರದೆ ಒಪ್ಪಿಕೊಳ್ಳುವುದು ಸುಮಾರು ನಾಲ್ಕು ತಿಂಗಳವರೆಗೆ ಮಾತ್ರ. ಈ ತಳಿಯಲ್ಲಂತೂ ಆ ದಿನಗಳನ್ನು ಕಳೆದುಕೊಂಡರೆ ಆಮೇಲೆ ಎಷ್ಟು ಮುದ್ದಿಸಿದರೂ ಸರಿಹೋಗುವುದು ಕಷ್ಟ. ಎತ್ತಿಕೊಂಡು ತೋಟದ ಆಳುಗಳ ಲೈನ್ ಮನೆಗಳ ಹತ್ತಿರ ಹೋಗಿ, ಮಕ್ಕಳ ಗಲಾಟೆ ಕೇಳಿಸಲಿ. ಜೀಪಿನಲ್ಲಿ ಕೂರಿಸಿಕೊಂಡು ಸಂತೆಯ ಅಂಚಿಗೆ ಹೋಗಿ ಬನ್ನಿ. ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಮರ ಕೊಯ್ಯುವ ಮೆಷಿನ್, ಔಷಧಿ ಹೊಡೆಯುವ ಮೋಟಾರು, ಕೊಪ್ಪೆ ಹಾಕಿಕೊಂಡ ಆಳುಗಳು, ಗೂಡ್ಸ್ ಆಟೊ ಎಲ್ಲವನ್ನೂ ದೂರದಿಂದ ತೋರಿಸಿ, ತಿನ್ನಲು ಚೂರು ಕೊಡಿ. ಬಂದವರೆಲ್ಲ ಮುಟ್ಟಬೇಕೆಂದಿಲ್ಲ. ಬಂದವರು ಸುಮ್ಮನೆ ಕೂತಿರಲಿ, ಮರಿಯೇ ಹೋಗಿ ಮೂಸಲಿ. ಕಾಲು, ಬೆರಳ ಸಂದು, ಕಿವಿ, ಬಾಯಿ ನೀವು ದಿನಾ ಮುಟ್ಟಿ ನೋಡಿ. ಮುಂದೆ ಉಣುಗು ತೆಗೆಯುವಾಗ ಈ ಅಭ್ಯಾಸದ ಬೆಲೆ ಗೊತ್ತಾಗುತ್ತದೆ.

ಕೋಳಿ, ಬೆಕ್ಕಿನ ಸಮಸ್ಯೆ ಬರುವುದು ಆರು ತಿಂಗಳ ಮೇಲೆ. ಮರಿಯಿದ್ದಾಗಿನಿಂದ ಜೊತೆಗೆ ಬೆಳೆದ ಮನೆಯ ಬೆಕ್ಕನ್ನು ಹೆಚ್ಚಿನವು ಬಿಟ್ಟುಬಿಡುತ್ತವೆ. ಅದೇ ನಾಯಿ ಪಕ್ಕದ ಮನೆಯ ಬೆಕ್ಕನ್ನು ಬಿಡುವುದಿಲ್ಲ. ನಾಟಿ ಕೋಳಿಯ ಮುಂದೆ ಮರಿಯನ್ನು ಹಗ್ಗದಲ್ಲಿ ಹಿಡಿದು ಕೂರಿಸಿ, ಕೋಳಿ ಬಿಟ್ಟು ನಿಮ್ಮತ್ತ ನೋಡಿದಾಗಲೆಲ್ಲ ತಿನ್ನಿಸಿ ರೂಢಿ ಮಾಡಬಹುದು. ಹಾಗಂತ ಕೋಳಿ ಹಾರಿ ಓಡಿದ ಗಳಿಗೆಯಲ್ಲಿ ಆ ಪಾಠ ನೆನಪಿರುತ್ತದೆ ಎಂದು ನಂಬಬೇಡಿ. ಕೋಳಿ ಬಿಡುವ ಹೊತ್ತು, ನಾಯಿ ಬಿಡುವ ಹೊತ್ತು ಬೇರೆ ಬೇರೆ ಇರಲಿ.

ಪಟ್ಟಿ, ಹಗ್ಗ, ಸೀಟಿ

ಈ ನಾಯಿಯ ತಲೆ ಕುತ್ತಿಗೆಗಿಂತ ಅಗಲವೇನಿಲ್ಲ. ಮಾಮೂಲಿ ಪಟ್ಟಿ ಹಾಕಿದರೆ ಹಿಂದಕ್ಕೆ ಜಗ್ಗಿ ತಲೆ ತೂರಿಸಿಕೊಂಡು ಹೋಗಿಬಿಡುತ್ತದೆ. ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುವ ಅಗಲದ ಬಟ್ಟೆ ಪಟ್ಟಿ ಸಿಗುತ್ತದೆ, ಮಾರ್ಟಿಂಗೇಲ್ ಎಂದು ಕೇಳಿ. ಸರಪಳಿ ಬೇಡ. ಕಟ್ಟಿಹಾಕಿದ ಮುಧೋಳ ಏನನ್ನೋ ಕಂಡು ಒಮ್ಮೆಲೇ ನೆಗೆದರೆ ಸರಪಳಿಯ ಕೊನೆಯಲ್ಲಿ ಕುತ್ತಿಗೆ ಉಳುಕುವ ಅಪಾಯವಿದೆ.

ಕರೆದಾಗ ಬರುವುದನ್ನು ಕಲಿಸಲು ಬಾಯಿಮಾತಿಗಿಂತ ಸೀಟಿ ಒಳ್ಳೆಯದು. ಜಡಿಮಳೆಯ ಸದ್ದಿನಲ್ಲೂ ಕೇಳುತ್ತದೆ, ನಿಮ್ಮ ಸಿಟ್ಟು ಅದರಲ್ಲಿ ಸೇರುವುದಿಲ್ಲ. ಊಟದ ಬಟ್ಟಲು ಇಡುವಾಗ ಸೀಟಿ ಊದುವುದರಿಂದ ಶುರುಮಾಡಿ. ಆಮೇಲೆ ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಂಗಳಕ್ಕೆ, ಉದ್ದ ಹಗ್ಗ ಕಟ್ಟಿ ಗದ್ದೆಬಯಲಿಗೆ. ಪ್ರತಿ ಸಲವೂ ಬಂದಕೂಡಲೇ ಕೋಳಿ ಲಿವರ್‌ನಂಥ ರುಚಿಯಾದದ್ದು ಸಿಗಬೇಕು. ತಡವಾಗಿ ಬಂದರೂ ಬೈಯಕೂಡದು. ಕಟ್ಟಿಹಾಕುವ ಹೊತ್ತಿಗೆ ಮಾತ್ರ ಸೀಟಿ ಊದುವುದೂ ತಪ್ಪು; ಬಂದರೆ ಸ್ವಾತಂತ್ರ್ಯ ಹೋಗುತ್ತದೆ ಎಂದು ಅದಕ್ಕೆ ಎರಡೇ ದಿನಕ್ಕೆ ತಿಳಿಯುತ್ತದೆ. ಇಷ್ಟೆಲ್ಲ ಕಲಿಸಿದ ಮೇಲೂ, ಬೆನ್ನಟ್ಟಲು ಶುರುಮಾಡಿದ ಮುಧೋಳ ಸೀಟಿಗೆ ತಿರುಗುವುದು ಅಪರೂಪ. ತಿರುಗುವುದು ಅಟ್ಟಲು ಹೊರಡುವ ಮುಂಚಿನ ಗಳಿಗೆಯಲ್ಲಿ: ಕಿವಿ ನಿಮಿರಿ, ಮುಂಗಾಲು ಎತ್ತಿ, ಒಂದೇ ಕಡೆ ದಿಟ್ಟಿಸುವಾಗ. ಆ ಭಂಗಿಯನ್ನು ಗುರುತಿಸಲು ನೀವು ಕಲಿಯಬೇಕು.

ಎಲ್ಲಿ ಓಡಿಸುವುದು

ಕಾಫಿ ತೋಟ ಓಡಿಸುವ ಜಾಗವಲ್ಲ. ಗಿಡಗಳ ಸಂದಿನಲ್ಲಿ ಕಣ್ಣು ಹಾಯುವುದು ಹತ್ತಡಿ, ನಾಯಿಯ ವೇಗವೋ ಬಯಲಿನದ್ದು. ಕತ್ತರಿಸಿ ಬಿಟ್ಟ ಕೊಂಬೆಯ ಚೂಪು ಮೋಟು, ಮರಗಸಿ (ನೆರಳುಮರದ ಕೊಂಬೆ ಸವರುವುದು) ಆದಮೇಲೆ ಬಿದ್ದಿರುವ ಸೊಪ್ಪುಕೋಲು, ಗಿಡಗಳ ನಡುವೆ ತೋಡಿದ ತೊಟ್ಟಿಲುಗುಂಡಿ, ಬೇಲಿಯ ಮುಳ್ಳುತಂತಿ ಎಲ್ಲಕ್ಕೂ ಆ ತೆಳುಚರ್ಮ ಬಲಿ. ಎದೆಯ ಚರ್ಮ ಗೇಣುದ್ದ ಸೀಳಿಸಿಕೊಂಡರೂ ನೋವೇ ಇಲ್ಲದಂತೆ ಓಡಿಬರುವ ನಾಯಿಯಿದು. ಹಂದಿಗೆಂದು ಯಾರೋ ಕದ್ದು ಇಟ್ಟ ತಂತಿ ಉರುಳು ಇನ್ನೂ ಕೆಟ್ಟದ್ದು.

ತೋಟದ ಮನೆಗಳಲ್ಲಿ ಒಂದು ಒಳ್ಳೆಯ ಜಾಗ ಆಗಲೇ ಇರುತ್ತದೆ, ಕಾಫಿ ಕಣ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಣ್ಣು ಹರಡಿರುತ್ತದೆ, ಉಳಿದ ತಿಂಗಳು ಖಾಲಿ. ಸುತ್ತ ಆರಡಿ ಎತ್ತರದ ಜಾಲರಿ ಹಾಕಿಸಿದರೆ ಮರಿಯ ಆಟಕ್ಕೆ ಸಾಕು. ಸಿಮೆಂಟಿನ ಮೇಲೆ ಜೋರಾಗಿ ಓಡಿಸಿದರೆ ಪಾದ ಸವೆಯುತ್ತದೆ, ಪಾಚಿ ಕಟ್ಟಿದ ಕಣದಲ್ಲಿ ಜಾರಿ ಸೊಂಟ ಹಿಡಿಯುತ್ತದೆ. ಅಲ್ಲಿ ಆಟ ಮಾತ್ರ, ಓಟ ಬೇಡ. ಬೆಳೆದ ನಾಯಿಗೆ ಕೊಯ್ಲಾದ ಗದ್ದೆ ಅಥವಾ ಬೇಣ (ಹುಲ್ಲುಗಾವಲು) ಬೇಕು. ವಾರಕ್ಕೆ ಮೂರು ನಾಲ್ಕು ದಿನ, ಬೆಳಿಗ್ಗೆ ಬಿಸಿಲೇರುವ ಮೊದಲು, ಕೆಲವೇ ನಿಮಿಷದ ಪೂರ್ಣವೇಗದ ಓಟ; ಉಳಿದಂತೆ ದಿನಾ ಹಗ್ಗದಲ್ಲಿ ಮುಕ್ಕಾಲು ಗಂಟೆ ನಡಿಗೆ. ಉದ್ದ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಹಳೆ ಗೋಣಿಚೂರು ಕಟ್ಟಿ ನೆಲದ ಮೇಲೆ ಬೀಸಿ ಎಳೆಯಿರಿ. ಮೊಲವನ್ನು ಅಟ್ಟಿದಷ್ಟೇ ಖುಷಿ ಅದಕ್ಕೆ. ಒಂದು ವರ್ಷ ತುಂಬುವವರೆಗೆ ಬೈಕಿನ ಹಿಂದೆ ಓಡಿಸುವುದು, ಎತ್ತರ ನೆಗೆಸುವುದು ಮಾಡಬೇಡಿ. ಎಲುಬಿನ ತುದಿಗಳು ಇನ್ನೂ ಗಟ್ಟಿಯಾಗಿರುವುದಿಲ್ಲ.

ನಿಜವಾದ ಮೊಲದ ಹಿಂದೆ ಬಿಡುವ ಆಸೆ ಇರುವವರಿಗೆ ನೇರವಾಗಿ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಅಟ್ಟಿಸುವುದೂ, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. ಮೊಲ, ಕಾಡುಕುರಿ, ನವಿಲು ಯಾವುದಕ್ಕೂ ರಿಯಾಯಿತಿಯಿಲ್ಲ. ನಮ್ಮ ತೋಟದೊಳಗೇ ಬಂದಿತ್ತು ಎಂಬ ಸಮಜಾಯಿಷಿ ಕೇಸು ತಪ್ಪಿಸುವುದಿಲ್ಲ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ಆನೆ ಸಂಚಾರದ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ಬಿಟ್ಟ ನಾಯಿ ಆನೆಯನ್ನು ಕಂಡು ಕೆಣಕುತ್ತದೆ, ಆನೆ ತಿರುಗಿಬಿದ್ದರೆ ನಾಯಿ ನೇರವಾಗಿ ಓಡಿಬರುವುದು ಯಜಮಾನನ ಹತ್ತಿರಕ್ಕೇ. ಅದರ ಬೆನ್ನಿಗೆ ಆನೆ. ಆನೆ ಸುತ್ತಮುತ್ತ ಇದೆ ಎಂದು ಸುದ್ದಿ ಬಂದ ದಿನ ನಾಯಿಗೆ ಹಗ್ಗವೂ ಬೇಡ, ತಿರುಗಾಟವೂ ಬೇಡ, ಮನೆಯಲ್ಲೇ ಇರಲಿ.

ಊಟ

ಹೊರಗಿನವರು ನೋಡಿದವರೆಲ್ಲ ‘ಪಾಪ, ಊಟ ಹಾಕಲ್ವಾ?’ ಅನ್ನುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು ಈ ತಳಿಯ ಆರೋಗ್ಯದ ಲಕ್ಷಣ. ಬೆನ್ನೆಲುಬಿನ ಗಂಟುಗಳೆಲ್ಲ ಎದ್ದು ಕಂಡು, ತೊಡೆಯ ಮಾಂಸ ಇಳಿದಿದ್ದರೆ ಮಾತ್ರ ಯೋಚಿಸಬೇಕು. ಮಾಮೂಲಿ ಚಟುವಟಿಕೆಯ 25 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 1200ರಿಂದ 1300 ಕ್ಯಾಲೊರಿ ಬೇಕಾಗುತ್ತದೆ. ಪ್ಯಾಕೆಟ್ ಆಹಾರವಾದರೆ ಅದು ಹೆಚ್ಚುಕಡಿಮೆ 350 ಗ್ರಾಂ.

ಮುಧೋಳದ ಕಡೆ ಜೋಳದ ರೊಟ್ಟಿ, ನುಚ್ಚು, ಹಾಲಿನ ಮೇಲೆ ಬೆಳೆದ ನಾಯಿಗಳೇ ಹೆಚ್ಚು. ಇಲ್ಲಿ ಅದರ ಜಾಗಕ್ಕೆ ರಾಗಿಮುದ್ದೆಯೋ ಅನ್ನವೋ ಬರುತ್ತದೆ, ತೊಂದರೆಯಿಲ್ಲ. ಆದರೆ ಬಟ್ಟಲಿನ ಅರ್ಧಕ್ಕಿಂತ ಕಡಿಮೆಯಿಲ್ಲದಂತೆ ಕೋಳಿ, ಮೊಟ್ಟೆ ಅಥವಾ ಮೀನು ಇರಲಿ, ಚೂರು ಕುಂಬಳಕಾಯಿಯೋ ಕ್ಯಾರೆಟ್ಟೋ ಇರಲಿ. ಮನೆಯ ಸಾರು ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ವಿಷ. ಹಂದಿಮಾಂಸ ಹಸಿಯಾಗಿ ಕೊಡಲೇಬಾರದು. ಬೇಯಿಸಿದ ಎಲುಬೂ ಬೇಡ, ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಒಂದೇ ಹೊತ್ತು ಹೊಟ್ಟೆಬಿರಿಯೆ ಹಾಕುವ ಬದಲು ಎರಡು ಹೊತ್ತು ಹಾಕಿ. ಎದೆ ಆಳವಾದ ನಾಯಿಗಳಲ್ಲಿ ಹೊಟ್ಟೆಯುಬ್ಬಿ, ಜಠರವೇ ತಿರುಚಿಕೊಳ್ಳುವ ಕಾಯಿಲೆ ಬರುವುದುಂಟು. ಊಟದ ಹಿಂದೆಮುಂದೆ ಒಂದೊಂದು ಗಂಟೆಯಾದರೂ ಓಟ ಬೇಡ. ವಾಂತಿ ಬಂದಂತೆ ಮಾಡಿದರೂ ಏನೂ ಬಾರದಿರುವುದು, ಜೊಲ್ಲು, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ, ಬಿಗಿದ ಹೊಟ್ಟೆ ಕಂಡರೆ ಓಮಕಾಳಿನ ನೀರು ಕುಡಿಸುತ್ತ ಕೂರಬೇಡಿ. ಅದು ಆಪರೇಷನ್ನಿಗೆ ಹೋಗಬೇಕಾದ ನಾಯಿ, ಕೈಯಲ್ಲಿರುವುದು ಕೆಲವೇ ಗಂಟೆ.

ಮಳೆಗಾಲ

ಮೈಯಲ್ಲಿ ಕೊಬ್ಬಿಲ್ಲ, ಒಳಗೂದಲಿಲ್ಲ. ನೆಂದರೆ ಬೇಗ ನಡುಗುತ್ತದೆ. ಮಲಗುವ ಜಾಗ ನೆಲದಿಂದ ಗೇಣೆತ್ತರದ ಮಂಚವಾಗಿರಲಿ, ಮೇಲೆ ದಪ್ಪ ಹಾಸಿಗೆ. ಬರಿ ನೆಲದಲ್ಲಿ ಮಲಗಿದರೆ ಮೊಣಕೈ, ಸೊಂಟದ ಮೂಳೆಯ ಮೇಲೆ ಚರ್ಮ ಒರಟಾಗಿ ಹುಣ್ಣಾಗುತ್ತದೆ. ಬಚ್ಚಲು ಒಲೆಯ ಹತ್ತಿರ ಮಲಗಲು ಅದೇ ಜಾಗ ಹುಡುಕಿಕೊಳ್ಳುತ್ತದೆ. ಬೆಂಕಿಗೆ ತೀರಾ ಹತ್ತಿರವಾಗಿ ಮೈ ಸುಟ್ಟುಕೊಳ್ಳದಂತೆ ಒಂದು ಅಡ್ಡಹಲಗೆ ಇಡಿ. ಹೊರಗೆ ಹೋಗಿಬಂದ ತಕ್ಷಣ ಟವೆಲಿನಿಂದ ಒರಸಿ, ಬೆರಳಸಂದಿಯನ್ನೂ ಬಿಡದೆ. ಮಳೆಗಾಲದಲ್ಲಿ ಪದೇಪದೇ ಸ್ನಾನ ಮಾಡಿಸುವ ಅಗತ್ಯವಿಲ್ಲ. ಒಣಗದ ಮೈಗೆ ಬೂಸ್ಟಿನ ಸೋಂಕು ಬೇಗ ಹಿಡಿಯುತ್ತದೆ.

ಮಳೆಯಲ್ಲಿ ಹೊರಗೆ ಕಾಲಿಡಲೊಲ್ಲದ ಮುಧೋಳಗಳು ಬಹಳ. ಇಡೀ ದಿನ ಉಚ್ಚೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನಿಮ್ಮನ್ನೇ ದೂರುವಂತೆ ನೋಡುತ್ತವೆ. ಜಗಲಿಯ ಪಕ್ಕ ಶೀಟು ಹೊದಿಸಿದ ಒಂದು ಮೂಲೆಗೆ ಮರಳು ಹಾಕಿಸಿ, ಮರಿಯಿದ್ದಾಗಲೇ ಅಲ್ಲಿಗೆ ರೂಢಿಮಾಡಿ.

ಇಂಬಳ (ಜಿಗಣೆ) ಕಚ್ಚುವುದರಿಂದ ದೊಡ್ಡ ಹಾನಿಯಿಲ್ಲ, ಉಪ್ಪುನೀರು ತಾಗಿಸಿದರೆ ಬಿಡುತ್ತದೆ. ಹಳ್ಳದ ನೀರು ಕುಡಿದಾಗ ಮೂಗಿನೊಳಗೆ ಹೊಕ್ಕರೆ ಮಾತ್ರ ತಾಪತ್ರಯ. ಒಂದೇ ಹೊಳ್ಳೆಯಿಂದ ರಕ್ತ, ಸದಾ ಸೀನು, ತಲೆ ಕೊಡವುವುದು ಅದರ ಗುರುತು. ನೀವೇ ಕಡ್ಡಿ ಹಾಕಿ ಕೆದಕದೆ ವೈದ್ಯರಲ್ಲಿಗೆ ಒಯ್ಯಿರಿ.

ಉಣುಗು

ನಮ್ಮ ಕಡೆ ನಾಯಿಗಳನ್ನು ಮಳೆಗಿಂತ, ಚಿರತೆಗಿಂತ ಹೆಚ್ಚಾಗಿ ಕೊಲ್ಲುವುದು ಉಣುಗು ಎಂದೇ ನನ್ನ ಅಂದಾಜು. ಅದು ಹರಡುವ ಎರ್ಲಿಕಿಯಾ, ಬಬೇಸಿಯಾ ಎಂಬ ರೋಗಾಣುಗಳು ರಕ್ತವನ್ನೇ ಕೆಡಿಸುತ್ತವೆ. ಶುರುವಿನಲ್ಲಿ ಕಾಣುವುದು ಬರೀ ಮಂಕು, ಅರ್ಧ ಬಿಟ್ಟ ಊಟ. ಮುಧೋಳ ಮೊದಲೇ ಮಲಗಿಕೊಂಡಿರುವ ನಾಯಿಯಾದ್ದರಿಂದ ಗೊತ್ತಾಗುವುದೂ ತಡ. ಅದಕ್ಕೇ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ನಾಯಿಯ ಸಹಜ ಉಷ್ಣ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ಜ್ವರ. ಆರೋಗ್ಯವಿದ್ದಾಗ ವಸಡು ಎಷ್ಟು ಕೆಂಪಗಿರುತ್ತದೆ ಎಂದು ನೋಡಿ ನೆನಪಿಡಿ. ವಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ರಕ್ತಪರೀಕ್ಷೆ ಆಗಬೇಕು. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಕೊಡುತ್ತಾರೆ. ಮೂರನೇ ದಿನಕ್ಕೆ ನಾಯಿ ಎದ್ದು ಓಡಾಡಿತೆಂದು ನಿಲ್ಲಿಸಿದವರ ಮನೆಗೆ ಕಾಯಿಲೆ ಮತ್ತೆ ಬರುತ್ತದೆ. ಬಬೇಸಿಯಾದ ಚಿಕಿತ್ಸೆ ಬೇರೆ. ಎರಡಕ್ಕೂ ಒಂದೇ ಮಾತ್ರೆ ಎಂದುಕೊಳ್ಳಬೇಡಿ.

ತಡೆಯುವ ಕ್ರಮ ಹೀಗೆ. ಫ್ಲುರಲೇನರ್ ಇರುವ ಮಾತ್ರೆ ಸುಮಾರು ಹನ್ನೆರಡು ವಾರ, ಅಫೋಕ್ಸೊಲೇನರ್ ಇರುವುದು ಒಂದು ತಿಂಗಳು ಕೆಲಸ ಮಾಡುತ್ತದೆ. ತೂಕ ಹಾಕಿಸಿ, ವೈದ್ಯರನ್ನು ಕೇಳಿ, ತಪ್ಪದೆ ಕೊಡಿ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನು ಮೊದಲೇ ಹೇಳಿ. ದನಕ್ಕೆ ತಂದ ಉಣುಗಿನ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಸುರಿಯುವುದು, ದನದ ಐವರ್‌ಮೆಕ್ಟಿನ್ ಚುಚ್ಚುವುದು ತೋಟದ ಮನೆಗಳಲ್ಲಿ ಮಾಮೂಲು. ಈ ತಳಿಗೆ ಆ ಪ್ರಯೋಗ ಖಂಡಿತ ಬೇಡ. ದಿನಾ ಸಂಜೆ ಕಿವಿಯೊಳಗೆ, ಕುತ್ತಿಗೆಪಟ್ಟಿಯ ಕೆಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಹುಡುಕಿ. ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆದು ಸೋಪುನೀರಿಗೆ ಹಾಕಿ, ಉಗುರಲ್ಲಿ ಕುಕ್ಕಬಾರದು. ಮನೆಯಲ್ಲಿ ಹುಟ್ಟುವ ಕಂದು ಉಣುಗು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಹಾಗಾಗಿ ಗೂಡಿನ ಸಂದುಗೊಂದು ಮುಚ್ಚಿಸಿ, ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ.

ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರು ಮಂಗನ ಕಾಯಿಲೆಯನ್ನೂ ಲೆಕ್ಕಕ್ಕಿಟ್ಟುಕೊಳ್ಳಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಈ ಜ್ವರ ಹರಡುವುದು ಕಾಡಿನ ಉಣುಗಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಕಾಡಂಚಿಗೆ ಹೋಗಿಬಂದ ನಾಯಿ ಆ ಉಣುಗನ್ನು ಹಾಸಿಗೆವರೆಗೆ ಹೊತ್ತು ತರಬಲ್ಲದು. ಮಂಗ ಸತ್ತ ಸುದ್ದಿ ಬಂದ ಕಡೆಗೆ ನಾಯಿಯನ್ನು ಒಯ್ಯಬೇಡಿ. ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ನಿಮ್ಮ ಕೈಕಾಲಿಗೆ, ನಾಯಿಗೆ ಹಚ್ಚುವುದಲ್ಲ.

ತೋಟದ ವಿಷಗಳು

ಪಲ್ಪಿಂಗ್ ಸಮಯದಲ್ಲಿ ರಾಶಿ ಬೀಳುವ ಕಾಫಿಹಣ್ಣಿನ ಸಿಪ್ಪೆ ಸಿಹಿ, ಮರಿಗಳು ನೆಕ್ಕುತ್ತವೆ. ಅದರಲ್ಲಿರುವ ಕೆಫೀನ್ ನಾಯಿಯ ಎದೆಬಡಿತ ಏರಿಸುತ್ತದೆ, ಹೆಚ್ಚಾದರೆ ಫಿಟ್ಸ್. ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ, ಇಲಿಪಾಷಾಣ, ಬೋರ್ಡೋ ದ್ರಾವಣ ಹೊಡೆದಾಗಿನ ಮೈಲುತುತ್ತದ ತೊಟ್ಟಿ, ಕೆಲವು ತೋಟಗಳಲ್ಲಿರುವ ಮಕಡೇಮಿಯ ಬೀಜ ಇವೆಲ್ಲ ಪಟ್ಟಿಯಲ್ಲಿವೆ. ಎಲ್ಲಿ, ಯಾವತ್ತು, ಏನು ಹಾಕಿದರೆಂದು ತೋಟದ ಕೆಲಸದ ಲೆಕ್ಕ ಇಡುವ ರೈಟರನ್ನು ಕೇಳಿ ತಿಳಿದಿರಿ. ತಿಂದುಬಿಟ್ಟರೆ ಡಬ್ಬಿಯ ಸಮೇತ ವೈದ್ಯರಲ್ಲಿಗೆ ಹೋಗಿ.

ರಾತ್ರಿ

ಕತ್ತಲಾದ ಮೇಲೆ ನಾಯಿ ಒಳಗೆ, ಬಾಗಿಲು ಹಾಕಿ. ಜಗಲಿಯಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಇದು ತೋಟದ ಊರುಗಳಿಗಷ್ಟೇ ಅಲ್ಲ, ಕಡೂರು, ಅರಸೀಕೆರೆಯ ಕುರುಚಲು ಗುಡ್ಡದ ಕಡೆಗೂ ಅನ್ವಯಿಸುತ್ತದೆ. ಕುರಿಗಾಹಿಗಳ ನಾಯಿಗೆ ಹಾಕುವ ಮುಳ್ಳಿನ ಪಟ್ಟಿ ಕುತ್ತಿಗೆಯನ್ನಷ್ಟೇ ಕಾಯುತ್ತದೆ.

ವೈದ್ಯರಿಗೆ ನೀವೇ ಹೇಳಬೇಕಾದದ್ದು

ಅರಿವಳಿಕೆ ಕೊಡುವ ಮುಂಚೆ ‘ಇದು ಮುಧೋಳ, ಗ್ರೇಹೌಂಡ್ ಗುಂಪಿನ ನಾಯಿ’ ಎಂದು ಬಾಯಿಬಿಟ್ಟು ಹೇಳಿ. ಮೈಕೊಬ್ಬು ಕಡಿಮೆಯಿರುವ ಇಂಥ ತಳಿಗಳಲ್ಲಿ ಥಯೊಪೆಂಟಾಲ್‌ನಂಥ ಔಷಧಿಯ ಮತ್ತು ಇಳಿಯುವುದು ಬಹಳ ನಿಧಾನ. ಬೇರೆ ಔಷಧಿ ಆರಿಸಲು ವೈದ್ಯರಿಗೆ ಅನುಕೂಲವಾಗುತ್ತದೆ. ಆಪರೇಷನ್ ಆದಮೇಲೆ ಮೈ ತಣ್ಣಗಾಗದಂತೆ ಕಂಬಳಿ ಒಯ್ದಿರಿ.

ಚರ್ಮ ಸೀಳಿದಾಗ ಕಾಫಿಪುಡಿಯನ್ನೋ ಅರಿಶಿನವನ್ನೋ ಒತ್ತಬೇಡಿ. ಹೊಲಿಗೆ ಹಾಕುವವರು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ. ಕಾಯಿಸಿ ಆರಿಸಿದ ಉಪ್ಪುನೀರು ಸುರಿದು ತೊಳೆದು, ಒದ್ದೆ ಬಟ್ಟೆ ಸುತ್ತಿ ಹೊರಡಿ. ಹಾವು ಕಚ್ಚಿದ ಅನುಮಾನವಿದ್ದರೆ ನಾಯಿಯನ್ನು ನಡೆಸದೆ ಎತ್ತಿಕೊಂಡೇ ಹೋಗಿ. ಮುಳ್ಳುಹಂದಿಯ ಮುಳ್ಳು ಚುಚ್ಚಿದ್ದರೆ ಕತ್ತರಿಸಬೇಡಿ, ತುಂಡು ಒಳಗೇ ಸರಿದುಬಿಡುತ್ತದೆ.

ಬೆದೆ, ಮರಿ

ದೇಸಿ ಹೌಂಡ್ ಹೆಣ್ಣುಗಳಲ್ಲಿ ಕೆಲವು ವರ್ಷಕ್ಕೊಮ್ಮೆಯಷ್ಟೇ ಬೆದೆಗೆ ಬರುವುದುಂಟು. ಬೆದೆ ಸುಮಾರು ಮೂರು ವಾರ. ಊರಿನ ಗಂಡುಗಳು ಐದಡಿ ಗೋಡೆಯನ್ನೂ ಹಾರಿ ಬರುತ್ತವೆ. ಮರಿ ಹಾಕಿಸುವ ಯೋಚನೆಯಿಲ್ಲದಿದ್ದರೆ ಬೆಳವಣಿಗೆ ಮುಗಿದ ಮೇಲೆ, ಒಂದೂವರೆ ವರ್ಷದ ಆಸುಪಾಸಿನಲ್ಲಿ, ಸಂತಾನಹರಣ ಮಾಡಿಸಿ. ಹಾಕಿಸುವುದಿದ್ದರೆ ಎರಡು ವರ್ಷ ತುಂಬಲಿ. ಗರ್ಭ 63 ದಿನ ಇರುತ್ತದೆ. ಮರಿಗಳು ಜೂನ್, ಜುಲೈನಲ್ಲಿ ಬೀಳದಂತೆ ಹಿಂದಕ್ಕೆ ಎಣಿಸಿ ಕೂಡಿಸಿ. ಗಂಡು ಯಾವ ಮನೆತನದ್ದು ಎಂಬುದನ್ನು ಹಾಸನದ ಪಕ್ಕದೂರಿನ ಪರಿಚಯದ ಮೇಲೆ ತೀರ್ಮಾನಿಸುವ ಬದಲು ತಿಮ್ಮಾಪುರದ ಕೇಂದ್ರದವರನ್ನು ಒಮ್ಮೆ ಕೇಳಿ. ಇಲ್ಲಿಗೆ ಬಂದಿರುವ ನಾಯಿಗಳಲ್ಲಿ ಎಷ್ಟೋ ಒಂದೇ ಮನೆಯಿಂದ ಬಂದವಾಗಿರಬಹುದು. ಮರಿ ಕೇಳಿಕೊಂಡು ಬಂದವರಿಗೆ ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ನೀವೂ ಕೇಳಿ. ತೋಟದ ಗೇಟಿಗೆ ಕಟ್ಟುತ್ತೇನೆ ಎಂದವರಿಗೆ ಕೊಡಬೇಡಿ, ಅವರು ನೆಂಟರೇ ಆಗಿರಲಿ.